ಲಿಬ್ರೆ ಆಫೀಸ್, ಝೊಟೆರೊ, ಆಂಕಿ: ಒಂದು ಕನ್ನಡ ಮಹಾಪ್ರಬಂಧದ ಬಳಕೆಯಿಂದ

ಪಿಎಚ್.ಡಿ. ಮಹಾಪ್ರಬಂಧದ ಮೊದಲ ಅಧ್ಯಾಯವನ್ನು ನಾನು ಕಲಬುರಗಿಯ ಒಂದು ಡಿಟಿಪಿ ಅಂಗಡಿಗೆ ಕೈಬರಹದಲ್ಲಿ ಕೊಟ್ಟು, ಎಂಟು ದಿನ ಕಾದು, ಟೈಪಾದ ಕಡತವನ್ನು ಪೆನ್‌ಡ್ರೈವಿನಲ್ಲಿ ಮನೆಗೆ ತಂದಿದ್ದೆ. ನನ್ನ ಕಂಪ್ಯೂಟರಿನಲ್ಲಿ ಅದನ್ನು ತೆರೆದಾಗ ಕನ್ನಡದ ಒಂದಕ್ಷರವೂ ಇರಲಿಲ್ಲ. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳೂ ನೆತ್ತಿಯ ಮೇಲೆ ಚುಕ್ಕೆ, ಗೀಟು ಹೊತ್ತ ಯಾವುದೋ ಯುರೋಪಿನ ಅಕ್ಷರಗಳೂ ಸಾಲುಗಟ್ಟಿ ನಿಂತಿದ್ದವು. ಮರುದಿನ ಅಂಗಡಿಗೆ ಹೋಗಿ ಕೇಳಿದರೆ, "ಅಕ್ಕೋರೆ, ಇದು ಹಳಿ ಫಾಂಟ್ ಅದರೀ, ನಮ್ಮ ಮಷಿನ್ದಾಗಷ್ಟೇ ಚಂದ ಕಾಣತದ, ಹುಡುಕಿದ್ರ ಒಂದು ಶಬ್ದನೂ ಸಿಗಂಗಿಲ್ರೀ" ಎಂಬ ಪ್ರಾಮಾಣಿಕ ಉತ್ತರ ಬಂತು. ಭೀಮಾ ತೀರದ ತತ್ವಪದಕಾರರ ಬಗ್ಗೆ ನಾನು ಬರೆದ 60 ಪುಟಗಳಲ್ಲಿ 'ಗುರು' ಎಂಬ ಶಬ್ದ ಎಷ್ಟು ಕಡೆ ಬಂದಿದೆ ಎಂದು ನನ್ನದೇ ಬರವಣಿಗೆಯಲ್ಲಿ ಹುಡುಕಲಾಗದ ಸ್ಥಿತಿ ಅದು. ತಪ್ಪು ಅವರದಲ್ಲ, ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡಿನಲ್ಲಿ ಬೇಕೆಂದು ಹೇಳುವಷ್ಟು ತಿಳಿವಳಿಕೆ ಆಗ ನನಗಿರಲಿಲ್ಲ.

ಆ ಘಟನೆಯ ನಂತರ ಉಳಿದ ಐದು ಅಧ್ಯಾಯಗಳನ್ನು ನಾನೇ ಟೈಪು ಮಾಡಿದೆ. ಹಾಗೆ ಮಾಡುವಾಗ ಆತುಕೊಂಡ ಮೂರು ಮುಕ್ತ ತಂತ್ರಾಂಶಗಳ ವಿಮರ್ಶೆ ಇದು: ಬರೆಯಲು ಲಿಬ್ರೆ ಆಫೀಸ್ ರೈಟರ್, ಆಕರಗಳನ್ನು ಕೂಡಿಟ್ಟು ಉಲ್ಲೇಖಿಸಲು ಝೊಟೆರೊ, ನೆನಪಿಟ್ಟುಕೊಳ್ಳಲು ಆಂಕಿ. ಇವುಗಳ ಗುಣಗಾನ ಇಂಗ್ಲಿಷಿನಲ್ಲಿ ಬೇಕಾದಷ್ಟು ಸಿಗುತ್ತದೆ. ಆದರೆ ಅಲ್ಲಿ ಹೊಗಳಿಸಿಕೊಂಡ ಸೌಲಭ್ಯ ಕನ್ನಡದ ಹಾಳೆಯ ಮೇಲೆ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ಬಳಸಿದವರೇ ಹೇಳಬೇಕು. ನನ್ನದು 4 ಜಿಬಿ ರ‍್ಯಾಮಿನ ಹಳೆಯ ಕಂಪ್ಯೂಟರು; ಬ್ಯಾಟರಿ ಸತ್ತ ಯುಪಿಎಸ್; ಬೇಸಿಗೆಯಲ್ಲಿ ಹೇಳದೆ ಕೇಳದೆ ಹೋಗುವ ಕರೆಂಟು. ನಮ್ಮ ಭಾಗದ ಹೆಚ್ಚಿನ ವಿದ್ಯಾರ್ಥಿಗಳ ಪರಿಸ್ಥಿತಿಯೂ ಇದಕ್ಕಿಂತ ಬಹಳ ಬೇರೆ ಇರಲಾರದು ಎಂಬ ಕಾರಣಕ್ಕೆ ಈ ವಿವರ.

ನಮ್ಮ ಕಡೆ 'ಪುಕಟ್' ಎಂಬ ಮಾತಿದೆ. ಪುಕಟ್ ಸಿಕ್ಕಿದ್ದನ್ನು ಜನ ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ, ಅದು ತಪ್ಪೂ ಅಲ್ಲ. 30 ದಿನ ಉಚಿತ ಎಂದು ಒಳಗೆ ಕರೆದುಕೊಂಡು 31ನೆಯ ದಿನ ಬಾಗಿಲು ಹಾಕುವ ತಂತ್ರಾಂಶಗಳನ್ನು ಎಲ್ಲರೂ ಕಂಡಿದ್ದಾರೆ. ಇಲ್ಲಿ ಹೇಳುತ್ತಿರುವ ಮೂರೂ ಆ ಜಾತಿಯವಲ್ಲ. ಇವುಗಳ ಮೂಲ ಸಂಕೇತ (ಸೋರ್ಸ್ ಕೋಡ್) ಬಹಿರಂಗವಾಗಿದ್ದು, ಯಾರು ಬೇಕಾದರೂ ನಕಲು ಮಾಡಿ ಹಂಚಬಹುದು ಎಂಬ ಪರವಾನಗಿಯೊಂದಿಗೇ ಬರುತ್ತವೆ. ಒಬ್ಬ ವಿದ್ಯಾರ್ಥಿ ಇಳಿಸಿಕೊಂಡ ಲಿಬ್ರೆ ಆಫೀಸಿನ ಕಡತವನ್ನು ಹಾಸ್ಟೆಲಿನ 20 ಮಂದಿ ಪೆನ್‌ಡ್ರೈವಿನಲ್ಲಿ ಹಂಚಿಕೊಂಡರೆ ಅದು ಕಳ್ಳತನವಲ್ಲ. 300 ಎಂಬಿಗೂ ಹೆಚ್ಚಿನ ಆ ಕಡತವನ್ನು ಮೊಬೈಲ್ ಡೇಟಾದಲ್ಲಿ ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಇಳಿಸಬೇಕಾಗಿಲ್ಲ ಎಂಬುದು ಸಣ್ಣ ಅನುಕೂಲವೂ ಅಲ್ಲ.

ಲಿಬ್ರೆ ಆಫೀಸ್ 2010ರಲ್ಲಿ ಓಪನ್ ಆಫೀಸ್‌ನಿಂದ ಕವಲೊಡೆದು ಹುಟ್ಟಿದ್ದು. ಅದನ್ನು ನೋಡಿಕೊಳ್ಳುತ್ತಿರುವುದು ಡಾಕ್ಯುಮೆಂಟ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆ. ಕನ್ನಡಿಗರಿಗೆ ಮುಖ್ಯವಾದ ಸಂಗತಿಯೆಂದರೆ 2017ರ 5.3ನೆಯ ಆವೃತ್ತಿಯಿಂದ ಅದು ಎಲ್ಲ ಬಗೆಯ ಕಂಪ್ಯೂಟರುಗಳಲ್ಲೂ ಅಕ್ಷರ ಜೋಡಣೆಗೆ ಹಾರ್ಫ್‌ಬಝ್ ಎಂಬ ಒಂದೇ ಯಂತ್ರವನ್ನು ಬಳಸುತ್ತಿದೆ. ಒತ್ತಕ್ಷರ ಎಲ್ಲಿ ಕೂರಬೇಕು, ಅರ್ಕಾವತ್ತು ಯಾವ ಕಡೆ ಸರಿಯಬೇಕು ಎಂಬುದನ್ನು ನಿರ್ಧರಿಸುವುದು ಈ ಯಂತ್ರವೇ. ಫಾಂಟು ಸರಿಯಿದ್ದರೆ 'ಸ್ವಾತಂತ್ರ್ಯ'ದಂತಹ ಮೂರು ಅಂತಸ್ತಿನ ಪದವೂ ವಿಂಡೋಸಿನಲ್ಲಿ ಕಂಡಂತೆಯೇ ಉಬುಂಟುವಿನಲ್ಲೂ ಕಾಣುತ್ತದೆ.

ಹಾಗಿದ್ದರೂ ಮೊದಲ ಸಲ ಕನ್ನಡ ಬರೆಯುವವರನ್ನು ರೈಟರ್ ಒಂದು ಕಡೆ ಖಂಡಿತ ಗೊಂದಲಕ್ಕೆ ಕೆಡವುತ್ತದೆ, ಮತ್ತು ಹಲವರು ಅದನ್ನು ಬಿಟ್ಟುಹೋಗುವುದು ಅಲ್ಲಿಯೇ ಎಂದು ನನ್ನ ಎಣಿಕೆ. ಈ ತಂತ್ರಾಂಶವು ಲಿಪಿಗಳನ್ನು ಮೂರು ಗುಂಪಾಗಿ ಕಾಣುತ್ತದೆ: ಇಂಗ್ಲಿಷಿನಂತಹ ಪಾಶ್ಚಾತ್ಯ ಲಿಪಿಗಳು, ಚೀನಿ ಜಪಾನಿಯಂತಹ ಏಷ್ಯಾದ ಲಿಪಿಗಳು, ಮತ್ತು ಕನ್ನಡ, ಉರ್ದು ಮೊದಲಾದವನ್ನು ಒಳಗೊಂಡ 'ಸಂಕೀರ್ಣ ಲಿಪಿ'ಗಳು. ಪ್ರತಿ ಗುಂಪಿಗೂ ಫಾಂಟು ಬೇರೆ, ಗಾತ್ರ ಬೇರೆ, ಭಾಷೆ ಬೇರೆ. ಬರಹದ ರೂಪವನ್ನು ಗೊತ್ತುಮಾಡುವ 'ಸ್ಟೈಲಿ'ನ ಕಿಟಕಿಯಲ್ಲಿ ಅಕ್ಷರದ ಗಾತ್ರವನ್ನು 14 ಎಂದು ಬದಲಿಸಿದ ಮೇಲೂ ಕನ್ನಡ ಅಕ್ಷರ 12ರಲ್ಲೇ ನಿಂತಿದೆಯೆಂದರೆ ನೀವು ಬದಲಿಸಿರುವುದು ಪಾಶ್ಚಾತ್ಯ ಲಿಪಿಯ ಗಾತ್ರವನ್ನು. ಆಯ್ಕೆಗಳ ಪಟ್ಟಿಯಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ, ಸಂಕೀರ್ಣ ಲಿಪಿಯನ್ನು ಸಕ್ರಿಯಗೊಳಿಸಿ, ಅದರ ಭಾಷೆಯಾಗಿ ಕನ್ನಡವನ್ನು ಆರಿಸಿಕೊಂಡು, ಸ್ಟೈಲಿನಲ್ಲಿ ಆ ಭಾಗದ ಫಾಂಟನ್ನೇ ಬದಲಿಸಬೇಕು. ಒಮ್ಮೆ ಮಾಡಿಟ್ಟರೆ ಮತ್ತೆ ಆ ಕಡೆ ತಲೆಹಾಕಬೇಕಿಲ್ಲ. ಆದರೆ ಆ ಒಮ್ಮೆ ಯಾರಾದರೂ ಪಕ್ಕದಲ್ಲಿ ಕುಳಿತು ತೋರಿಸಬೇಕು. ನನಗೆ ತೋರಿಸುವವರಿಲ್ಲದೆ ಎರಡು ಸಂಜೆ ಹೋದವು.

ಈ ಮೂರು ಗುಂಪಿನ ಏರ್ಪಾಡಿಗೆ ಒಂದು ಸುಂದರ ಪ್ರಯೋಜನವೂ ಇದೆ ಎಂದು ಆಮೇಲೆ ತಿಳಿಯಿತು. ಕನ್ನಡ ವಾಕ್ಯದ ನಡುವೆ ಇಂಗ್ಲಿಷ್ ಉದ್ಧರಣೆ ಬಂದರೆ ಅದಕ್ಕೆ ಬೇಕಾದ ಫಾಂಟೂ ಗಾತ್ರವೂ ತಾನಾಗಿಯೇ ಹೊಂದಿಕೊಳ್ಳುತ್ತದೆ. ಕನ್ನಡಕ್ಕೆ ಗುಬ್ಬಿ, ಇಂಗ್ಲಿಷಿಗೆ ಬೇರೊಂದು ಎಂದು ಮೊದಲೇ ಗೊತ್ತುಮಾಡಿಟ್ಟರೆ ಪ್ರತಿ ಸಲ ಆರಿಸಿ ಬದಲಿಸುವ ಕೆಲಸ ತಪ್ಪುತ್ತದೆ. ಗುಬ್ಬಿ, ನವಿಲು ಎರಡೂ ಮುಕ್ತ ಫಾಂಟುಗಳು. ದೀರ್ಘ ಪಠ್ಯಕ್ಕೆ ನನ್ನ ಕಣ್ಣಿಗೆ ಗುಬ್ಬಿಯೇ ಹಿತ.

ರೈಟರಿನ ನಿಜವಾದ ಶಕ್ತಿ ಸ್ಟೈಲುಗಳಲ್ಲಿದೆ. ಅಧ್ಯಾಯದ ತಲೆಬರಹವನ್ನು ಕೈಯಿಂದ ದಪ್ಪ ಮಾಡಿ, ಗಾತ್ರ ಹಿಗ್ಗಿಸಿ, ನಡುವಿಗೆ ತರುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ಅದರ ಬದಲು ಕಂಟ್ರೋಲ್ ಮತ್ತು 1 ಒತ್ತಿ 'ಮೊದಲ ಹಂತದ ತಲೆಬರಹ' ಎಂದು ಗುರುತಿಸಿದರೆ ತಂತ್ರಾಂಶಕ್ಕೆ ಇದು ಅಧ್ಯಾಯವೆಂದು ಗೊತ್ತಾಗುತ್ತದೆ. ಪರಿವಿಡಿಯನ್ನು ಅದೇ ಕಟ್ಟಿಕೊಡುತ್ತದೆ, ಪುಟ ಸಂಖ್ಯೆ ಬದಲಾದರೆ ಒಂದು ಗುಂಡಿಯಿಂದ ಸರಿಪಡಿಸುತ್ತದೆ. ಎಫ್5 ಒತ್ತಿದರೆ ತೆರೆದುಕೊಳ್ಳುವ ನ್ಯಾವಿಗೇಟರಿನಲ್ಲಿ ಪ್ರಬಂಧದ ಎಲುಬುಗೂಡು ಇಡಿಯಾಗಿ ಕಾಣಿಸುತ್ತದೆ, ಅಲ್ಲಿಂದಲೇ ಒಂದು ಉಪವಿಭಾಗವನ್ನು ಎತ್ತಿ ಇನ್ನೊಂದರ ಕೆಳಗೆ ಇಡಬಹುದು. ಮಾರ್ಗದರ್ಶಕರು ಮೂರನೆಯ ಅಧ್ಯಾಯದ ಅರ್ಧವನ್ನು ಎರಡನೆಯದಕ್ಕೆ ಸೇರಿಸಲು ಹೇಳಿದಾಗ, 40 ಪುಟಗಳನ್ನು ಅಡಿಟಿಪ್ಪಣಿ ಸಹಿತ ಸರಿಸಲು ನನಗೆ ತಗುಲಿದ್ದು ಚಹಾ ಆರುವಷ್ಟು ಹೊತ್ತು.

ಹುಡುಕಾಟದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಿದೆ, ಏಕೆಂದರೆ ನಮ್ಮ ಊರಿನ ಹೆಸರೇ ಇದಕ್ಕೆ ಒಳ್ಳೆಯ ಪರೀಕ್ಷೆ. 2014ರಲ್ಲಿ ಅಧಿಕೃತವಾಗಿ ಗುಲಬರ್ಗಾ ಹೋಗಿ ಕಲಬುರಗಿ ಬಂದರೂ, ಹಳೆಯ ಪುಸ್ತಕಗಳಲ್ಲಿ ಗುಲ್ಬರ್ಗ, ಗುಲಬರ್ಗಾ, ಕಲಬುರ್ಗಿ, ಕಲಬುರಗಿ ಎಲ್ಲವೂ ಇವೆ. ಪ್ರಬಂಧದ ನನ್ನ ಸ್ವಂತ ವಾಕ್ಯಗಳಲ್ಲಿ ಒಂದೇ ರೂಪ ಇರಬೇಕು, ಉದ್ಧರಣೆಗಳಲ್ಲಿ ಮೂಲದ ರೂಪವೇ ಉಳಿಯಬೇಕು. ರೈಟರಿನ ಹುಡುಕುವ ಕಿಟಕಿಯಲ್ಲಿ 'ರೆಗ್ಯುಲರ್ ಎಕ್ಸ್‌ಪ್ರೆಶನ್' ಎಂಬ ಆಯ್ಕೆಯನ್ನು ಗುರುತು ಹಾಕಿ, ಆವರಣದೊಳಗೆ ನಾಲ್ಕು ರೂಪಗಳನ್ನೂ ನಡುವೆ ಲಂಬ ಗೆರೆ ಇಟ್ಟು ಬರೆದರೆ ಅವೆಲ್ಲವನ್ನೂ ಒಟ್ಟಿಗೆ ಎತ್ತಿ ತೋರಿಸುತ್ತದೆ. ಒಂದೊಂದನ್ನೇ ನೋಡಿ ತಿದ್ದುತ್ತ ಹೋಗಬಹುದು. ಒಮ್ಮೆಲೇ ಎಲ್ಲವನ್ನೂ ಬದಲಿಸುವ ಗುಂಡಿಗೆ ಮಾತ್ರ ಕೈ ಹಚ್ಚಬಾರದು. ಹಾಗೆ ಮಾಡಿದರೆ 1980ರ ದಶಕದ ಪುಸ್ತಕದ ಪ್ರಕಟಣ ಸ್ಥಳವೂ 'ಕಲಬುರಗಿ' ಆಗಿ, ಪರೀಕ್ಷಕರ ಕಣ್ಣಿಗೆ ನೇರವಾಗಿ ಬೀಳುತ್ತದೆ.

ಕಾಗುಣಿತ ಪರೀಕ್ಷೆಯ ವಿಷಯದಲ್ಲಿ ಹೊಗಳಲು ಏನೂ ಇಲ್ಲ. ಲಿಬ್ರೆ ಆಫೀಸ್ ಬಳಸುವ ಹನ್‌ಸ್ಪೆಲ್ ಯಂತ್ರವನ್ನು ಮೊದಲು ರೂಪಿಸಿದ್ದು ಹಂಗೇರಿಯನ್ ಭಾಷೆಗೆ. ಅದೂ ಪ್ರತ್ಯಯದ ಮೇಲೆ ಪ್ರತ್ಯಯ ಅಂಟುವ ಭಾಷೆಯೇ. ಹಾಗಾಗಿ ದೋಷ ಯಂತ್ರದ್ದಲ್ಲ, ಅದಕ್ಕೆ ಉಣಿಸಬೇಕಾದ ಕನ್ನಡದ ಪದಪಟ್ಟಿ ಮತ್ತು ಪ್ರತ್ಯಯ ನಿಯಮಗಳದ್ದು. 'ಮಠ' ಗೊತ್ತಿದ್ದರೂ 'ಮಠದಲ್ಲಿದ್ದವರಿಗೂ' ಎಂಬುದು ಗೊತ್ತಿಲ್ಲದಿದ್ದರೆ ಪುಟದ ಅರ್ಧಕ್ಕೆ ಕೆಂಪು ಗೆರೆ ಬೀಳುತ್ತದೆ; ಎಲ್ಲವೂ ಕೆಂಪಾದಾಗ ನಿಜವಾದ ತಪ್ಪು ಅದರಲ್ಲೇ ಅಡಗಿಕೊಳ್ಳುತ್ತದೆ. ನಾನು ಆ ಪರೀಕ್ಷೆಯನ್ನು ನಿಲ್ಲಿಸಿಟ್ಟು, ಕರಡನ್ನು ಮುದ್ರಿಸಿ, ಪೆನ್ಸಿಲು ಹಿಡಿದು ಓದಿದೆ. ಇದಕ್ಕೆ ಪ್ರತಿಯಾಗಿ ಪದಪೂರಣ ಎಂಬ ಸೌಲಭ್ಯ ಕನ್ನಡಕ್ಕೆ ಬಹಳ ಒಗ್ಗುತ್ತದೆ. ನೀವು ಈಗಾಗಲೇ ಟೈಪಿಸಿದ ಉದ್ದ ಪದಗಳನ್ನು ಅದು ನೆನಪಿಟ್ಟುಕೊಂಡು ಮುಂದಿನ ಸಲ ಮೊದಲ ಕೆಲವು ಅಕ್ಷರ ಬರುತ್ತಲೇ ಪೂರ್ತಿ ಪದವನ್ನು ಮುಂದಿಡುತ್ತದೆ, 'ಅನುಭಾವಿಗಳ' ಎಂದು ನೂರು ಸಲ ಬರೆಯುವವರ ಬೆರಳಿಗೆ ವಿಶ್ರಾಂತಿ. ಎಂಟರ್ ಒತ್ತಿದರೆ ಆ ಪದ ಒಪ್ಪಿಗೆಯಾಗುತ್ತದೆ ಎಂಬುದನ್ನು ಮರೆತು ಹೊಸ ಸಾಲಿಗೆ ಹೋಗಲು ಎಂಟರ್ ಒತ್ತಿದರೆ ಬೇಡದ ಪದ ಬಂದು ಕೂರುತ್ತದೆ, ಅಷ್ಟೇ ಎಚ್ಚರಿಕೆ.

ಕರೆಂಟಿನ ಮಾತು. ರೈಟರ್ ಮೊದಲಿನಿಂದಲೇ ಪ್ರತಿ 10 ನಿಮಿಷಕ್ಕೊಮ್ಮೆ ಚೇತರಿಕೆಯ ಪ್ರತಿಯನ್ನು ಇಟ್ಟುಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳಿನ ಕಲಬುರಗಿಗೆ 10 ನಿಮಿಷ ಬಹಳವಾಯಿತು. ನಾನು ಅದನ್ನು 2ಕ್ಕೆ ಇಳಿಸಿ, 'ಯಾವಾಗಲೂ ಹಿಂದಿನ ಪ್ರತಿಯನ್ನು ಉಳಿಸು' ಎಂಬ ಇನ್ನೊಂದು ಆಯ್ಕೆಯನ್ನೂ ಹಾಕಿಕೊಂಡೆ. ಆಮೇಲೆ ಕಳೆದುಕೊಂಡದ್ದು ಹೆಚ್ಚೆಂದರೆ ಒಂದು ಪ್ಯಾರಾ.

ಮೈಕ್ರೊಸಾಫ್ಟ್ ವರ್ಡ್ ಬಳಸುವವರೊಂದಿಗೆ ಕಡತ ವಿನಿಮಯ ಮಾಡುವಾಗ ಕೋಷ್ಟಕಗಳೂ ಪುಟದ ಅಂಚುಗಳೂ ಅಲ್ಲಲ್ಲಿ ಸರಿಯುತ್ತವೆ, ಇದನ್ನು ಮುಚ್ಚಿಡುವುದು ಬೇಡ. ಮೂಲ ಪ್ರತಿಯನ್ನು ಸದಾ ಲಿಬ್ರೆ ಆಫೀಸಿನ ಓಡಿಟಿ ರೂಪದಲ್ಲೇ ಇಟ್ಟುಕೊಂಡು, ತಿದ್ದುಪಡಿಗೆ ಮಾತ್ರ ವರ್ಡಿನ ಡಾಕ್ಸ್ ಪ್ರತಿ ಕಳಿಸಿ, ಬಂದ ಸಲಹೆಗಳನ್ನು ಮೂಲದಲ್ಲಿ ಕೈಯಿಂದ ಸೇರಿಸುವುದು ನಾನು ಕಂಡುಕೊಂಡ ದಾರಿ. ಓಡಿಟಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಒಪ್ಪಿದ ಮುಕ್ತ ರೂಪ. ಹತ್ತು ವರ್ಷದ ಮೇಲೆ ಇದನ್ನು ಪುಸ್ತಕ ಮಾಡಬೇಕೆನಿಸಿದಾಗ, ಆ ಡಿಟಿಪಿ ಅಂಗಡಿಯ ಕಡತದ ಗತಿ ಇದಕ್ಕೆ ಬಾರದು.

ಝೊಟೆರೊ ನನಗೆ ಅತಿ ಹೆಚ್ಚು ಕೆಲಸ ಉಳಿಸಿದ ಸಾಧನ, ಅತಿ ಹೆಚ್ಚು ಜಗಳವಾಡಿಸಿದ ಸಾಧನವೂ ಅದೇ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಕೇಂದ್ರದಲ್ಲಿ 2006ರಲ್ಲಿ ಹೊರಬಂದ ಇದು ಪುಸ್ತಕ, ಲೇಖನ, ಪಿಡಿಎಫ್, ಟಿಪ್ಪಣಿಗಳನ್ನು ಒಂದೇ ಕಪಾಟಿನಲ್ಲಿ ಇಡುತ್ತದೆ. ಬರೆಯುವಾಗ ಒಂದು ಗುಂಡಿ ಒತ್ತಿ ಪುಸ್ತಕವನ್ನು ಆರಿಸಿದರೆ ಅಡಿಟಿಪ್ಪಣಿ ರೈಟರಿನೊಳಗೇ ಮೂಡುತ್ತದೆ, ಕೊನೆಗೆ ಗ್ರಂಥಋಣವನ್ನೂ ಅದೇ ಕಟ್ಟುತ್ತದೆ. ಬೇರೆಯವರ ಬರಹದೊಂದಿಗಿನ ಹೋಲಿಕೆ ಶೇ 10ಕ್ಕಿಂತ ಹೆಚ್ಚಾದರೆ ಪ್ರಬಂಧ ತಿದ್ದಬೇಕಾಗಿ ಬರುವ ಯುಜಿಸಿಯ 2018ರ ನಿಯಮ ಜಾರಿಯಲ್ಲಿರುವಾಗ, ಯಾವ ಮಾತು ಯಾರದು ಎಂಬ ಲೆಕ್ಕ ಮೊದಲ ದಿನದಿಂದಲೇ ಸರಿಯಾಗಿರುವುದು ದೊಡ್ಡ ನೆಮ್ಮದಿ.

ಜಗಳ ಶುರುವಾಗುವುದು ಹೆಸರುಗಳಿಂದ. ಝೊಟೆರೊ ಪ್ರತಿ ಲೇಖಕರಿಗೂ ಮನೆತನದ ಹೆಸರು, ಕೊಟ್ಟ ಹೆಸರು ಎಂದು ಎರಡು ಮನೆಗಳನ್ನು ತೆರೆದಿಡುತ್ತದೆ. ಕಡಕೋಳ ಮಡಿವಾಳಪ್ಪ ಎಂಬಲ್ಲಿ ಕಡಕೋಳ ಊರು, ಮಡಿವಾಳಪ್ಪ ಹೆಸರು. ಇದರಲ್ಲಿ ಮನೆತನ ಯಾವುದು? ಎರಡು ಮನೆಗೆ ಹಂಚಿದರೆ ಪಟ್ಟಿಯಲ್ಲಿ 'ಕಡಕೋಳ, ಮಡಿವಾಳಪ್ಪ' ಎಂದು ನಡುವೆ ಅಲ್ಪವಿರಾಮ ಬೀಳುತ್ತದೆ. ತಿರುವು ಹಾಕಿದರೆ ಊರು ಹಿಂದಕ್ಕೆ ಹೋಗುತ್ತದೆ. ಎಂ. ಎಂ. ಕಲಬುರ್ಗಿ ಅವರಂತೆ ಕೊನೆಯಲ್ಲಿ ಮನೆತನವಿರುವ ಹೆಸರಿಗೆ ಈ ವ್ಯವಸ್ಥೆ ಒಪ್ಪುತ್ತದೆ, ಉಳಿದ ಅರ್ಧ ಕರ್ನಾಟಕಕ್ಕೆ ಒಪ್ಪುವುದಿಲ್ಲ. ಪರಿಹಾರ ಸಣ್ಣದು: ಹೆಸರಿನ ಪಕ್ಕದ ಪುಟ್ಟ ಚಿಹ್ನೆಯನ್ನು ಒತ್ತಿದರೆ ಎರಡು ಮನೆ ಸೇರಿ ಒಂದಾಗುತ್ತದೆ, ನೀವು ಬರೆದಂತೆಯೇ ಹೆಸರು ಮುದ್ರಣವಾಗುತ್ತದೆ. ಇದು ತಿಳಿಯುವ ಮೊದಲು ನಾನು 90 ನಮೂದುಗಳನ್ನು ತಪ್ಪಾಗಿ ತುಂಬಿದ್ದೆ.

ಐಎಸ್‌ಬಿಎನ್ ಎಂಬ ಗುರುತಿನ ಸಂಖ್ಯೆ ಕೊಟ್ಟರೆ ಪುಸ್ತಕದ ವಿವರಗಳನ್ನು ತಾನೇ ತರುತ್ತದೆ ಎಂಬುದು ಝೊಟೆರೊದ ಪ್ರಸಿದ್ಧ ಜಾದೂ. ಕನ್ನಡ ಪುಸ್ತಕಗಳ ಮಟ್ಟಿಗೆ ಈ ಜಾದೂಗೆ ಮಿತಿಯಿದೆ. ಹಳೆಯ ಪುಸ್ತಕಗಳಿಗೆ ಆ ಸಂಖ್ಯೆಯೇ ಇಲ್ಲ. ಇದ್ದವುಗಳ ವಿವರ ಸಿಕ್ಕರೂ ಅದು ಹೆಚ್ಚಾಗಿ ಅಮೆರಿಕದ ಗ್ರಂಥಾಲಯಗಳ ರೋಮನ್ ಲಿಪ್ಯಂತರದಲ್ಲಿ, ಅಕ್ಷರಗಳ ಮೇಲೆ ಗೆರೆ, ಕೆಳಗೆ ಚುಕ್ಕೆ ಇಟ್ಟುಕೊಂಡು ಬರುತ್ತದೆ. ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದ ಗ್ರಂಥಾಲಯದಲ್ಲಿ ಕುಳಿತು ಪುಸ್ತಕದ ಶೀರ್ಷಿಕೆ ಪುಟ ನೋಡಿ ಕನ್ನಡದಲ್ಲೇ ಕೈಯಿಂದ ತುಂಬಿಸುವುದು ನನಗೆ ವೇಗವಾಗಿಯೂ ನಿಖರವಾಗಿಯೂ ಕಂಡಿತು. ಇಂಗ್ಲಿಷ್ ಸಂಶೋಧನಾ ಲೇಖನಗಳಿಗೆ ಮಾತ್ರ ಜಾದೂ ಜಾದೂವೇ.

ಇನ್ನೊಂದು ತೊಡಕು ಸಂಕ್ಷೇಪಗಳದ್ದು. ಉಲ್ಲೇಖದ ಶೈಲಿ ಇಂಗ್ಲಿಷ್ ಆಗಿರುವುದರಿಂದ ಕನ್ನಡ ಅಡಿಟಿಪ್ಪಣಿಯ ನಡುವೆ ಸಂಪಾದಕ, ಅನುವಾದಕ, ಪುಟ ಎಂಬುವಕ್ಕೆ ಇಂಗ್ಲಿಷ್ ಚುಟುಕುಗಳು ಬಂದು ಕೂರುತ್ತವೆ. ಇದನ್ನು ಸರಿಪಡಿಸಬಹುದೆಂದು ಬಹಳ ಜನರಿಗೆ ಗೊತ್ತಿಲ್ಲ. ಝೊಟೆರೊದ ಪ್ರತಿ ಶೈಲಿಯೂ ಸಾದಾ ಪಠ್ಯದ ಒಂದು ಕಡತ. ಅದರ ಮೇಲ್ಭಾಗದಲ್ಲಿ ಆ ಶಬ್ದಗಳಿಗೆ ನಮ್ಮದೇ ರೂಪ ಕೊಡಲು ಅವಕಾಶವಿದೆ. 'ಸಂ.', 'ಅನು.', 'ಪು.' ಎಂದು ಹತ್ತು ಹದಿನೈದು ಸಾಲು ಸೇರಿಸಿದ ಮೇಲೆ ನನ್ನ ಅಡಿಟಿಪ್ಪಣಿಗಳು ಕನ್ನಡದವಾದವು. ಪ್ರೋಗ್ರಾಮಿಂಗ್ ತಿಳಿಯದ ನಾನು ಇದನ್ನು ಒಂದು ಮಧ್ಯಾಹ್ನ ಮಾಡಿದೆ. ಒಳಗಿನ ಕಡತವನ್ನು ತೆರೆದು ತಿದ್ದಲು ಬಿಡದ ತಂತ್ರಾಂಶವಾಗಿದ್ದರೆ ಯಾರದೋ ಕೃಪೆಗೆ ಕಾಯಬೇಕಿತ್ತು. 'ಪುಕಟ್' ಮತ್ತು 'ಮುಕ್ತ' ಎರಡೂ ಒಂದೇ ಅಲ್ಲ ಎಂದು ನನಗೆ ಮನವರಿಕೆಯಾದದ್ದು ಆ ಮಧ್ಯಾಹ್ನವೇ.

ಪರಿಹಾರವಿಲ್ಲದ ತೊಡಕೂ ಒಂದಿದೆ. ಕನ್ನಡ ಪ್ರಬಂಧಗಳಲ್ಲಿ ಕನ್ನಡ ಗ್ರಂಥಗಳು, ಇಂಗ್ಲಿಷ್ ಗ್ರಂಥಗಳು, ನಿಯತಕಾಲಿಕೆಗಳು ಎಂದು ಬೇರೆ ಬೇರೆ ಪಟ್ಟಿ ಕೊಡುವುದು ರೂಢಿ. ಝೊಟೆರೊ ಕೊಡುವುದು ಒಂದೇ ಪಟ್ಟಿ. ಕೊನೆಯ ಹಂತದಲ್ಲಿ ಕಡತದ ಪ್ರತಿಯೊಂದನ್ನು ತೆಗೆದು, ಝೊಟೆರೊದ ಸಂಬಂಧ ಕಡಿದು, ಸಾಲುಗಳನ್ನು ಕೈಯಿಂದ ಎತ್ತಿ ವಿಂಗಡಿಸಬೇಕಾಯಿತು. ಮೂಲ ಕಡತದ ಮೇಲೆಯೇ ಇದನ್ನು ಮಾಡಿದವರಿಗೆ ಹಿಂದಿರುಗುವ ದಾರಿಯಿಲ್ಲ.

2022ರಿಂದ ಝೊಟೆರೊದೊಳಗೇ ಪಿಡಿಎಫ್ ಓದಿ ಗುರುತು ಹಾಕುವ ಸೌಲಭ್ಯವಿದೆ. ಬಣ್ಣ ಹಚ್ಚಿದ ಸಾಲುಗಳನ್ನೆಲ್ಲ ಒಟ್ಟು ಮಾಡಿ ಪುಟ ಸಂಖ್ಯೆ ಸಹಿತ ಟಿಪ್ಪಣಿಯಾಗಿ ಕೊಡುತ್ತದೆ. ಹಳೆಯ ಫಾಂಟಿನಲ್ಲಿ ತಯಾರಾದ ಕನ್ನಡ ಪಿಡಿಎಫ್ ಆದರೆ ಆ ಟಿಪ್ಪಣಿಯಲ್ಲಿ ಬರುವುದು ನನ್ನ ಮೊದಲ ಅಧ್ಯಾಯದ ಕಥೆಯೇ, ಅದೇ ಚುಕ್ಕೆ ಗೀಟಿನ ಅಕ್ಷರಗಳು. ಅಂತಹ ಕಡೆ ಪುಟದ ಚಿತ್ರ ತೆಗೆದು, ಅಕ್ಷರ ಗುರುತಿಸುವ ಮುಕ್ತ ತಂತ್ರಾಂಶವಾದ ಟೆಸ್ಸರಾಕ್ಟ್‌ಗೆ ಕೊಡುವುದುಂಟು. ಹೊಸ ಮುದ್ರಣದ ಪುಟಗಳನ್ನು ಅದು ಚೆನ್ನಾಗಿಯೇ ಓದುತ್ತದೆ. ಹಳೆಯ ಮೊಳೆಯಚ್ಚಿನ ಪುಟಗಳಲ್ಲಿ ದ, ಧ, ಥಗಳ ನಡುವೆ ತಡವರಿಸುತ್ತದೆ. ತತ್ವಪದದ ಪಠ್ಯವನ್ನು ಮಾತ್ರ ನಾನು ಅದರ ಮೇಲೆ ಬಿಟ್ಟಿಲ್ಲ.

ಕಡತಗಳನ್ನು ಅಂತರಜಾಲದಲ್ಲಿ ಇಡಲು ಝೊಟೆರೊ ಉಚಿತವಾಗಿ ಕೊಡುವುದು 300 ಎಂಬಿ. ಸ್ಕ್ಯಾನ್ ಮಾಡಿದ ಎಂಟ್ಹತ್ತು ಪುಸ್ತಕಕ್ಕೆ ಅದು ಮುಗಿಯುತ್ತದೆ. ಪುಸ್ತಕಗಳ ವಿವರವನ್ನಷ್ಟೇ ಅಂತರಜಾಲದ ಪ್ರತಿಯೊಂದಿಗೆ ಹೊಂದಿಸಲು ಬಿಟ್ಟು, ಪಿಡಿಎಫ್‌ಗಳನ್ನು ಕಂಪ್ಯೂಟರಿನಲ್ಲೇ ಇಟ್ಟು ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ನಕಲು ಮಾಡಿದರೆ ಹಣ ಕೊಡುವ ಪ್ರಸಂಗ ಬರುವುದಿಲ್ಲ.

ಆಂಕಿಯನ್ನು ನಾನು ಪ್ರಬಂಧಕ್ಕಿಂತ ಹೆಚ್ಚಾಗಿ ಕೆ-ಸೆಟ್ ಎಂಬ ಅಧ್ಯಾಪಕರ ಅರ್ಹತಾ ಪರೀಕ್ಷೆಯ ತಯಾರಿಗೆ ಬಳಸಿದೆ. ಈಗ ನನ್ನ ತಂಗಿಯ ಮಗಳು ಸ್ಪರ್ಧಾತ್ಮಕ ಪರೀಕ್ಷೆಗೆ ಬಳಸುತ್ತಿದ್ದಾಳೆ. ಜಪಾನಿ ಭಾಷೆಯಲ್ಲಿ ಬಾಯಿಪಾಠ ಎಂಬ ಅರ್ಥದ ಹೆಸರಿನ ಈ ತಂತ್ರಾಂಶ ಮಾಡುವುದು ಇಷ್ಟೇ: ಒಂದು ಕಾರ್ಡಿನ ಮುಂಬದಿಯ ಪ್ರಶ್ನೆ ತೋರಿಸುತ್ತದೆ, ಉತ್ತರ ನೆನಪಾಯಿತೇ ಎಂದು ಕೇಳುತ್ತದೆ, ನೆನಪಾದರೆ ಕೆಲವು ದಿನ ಬಿಟ್ಟು, ಮತ್ತೆ ನೆನಪಾದರೆ ಕೆಲವು ವಾರ ಬಿಟ್ಟು, ಮರೆತರೆ ಅಂದೇ ಮತ್ತೆ ಕೇಳುತ್ತದೆ. ಮರೆಯುವ ಹೊತ್ತಿಗೆ ಸರಿಯಾಗಿ ನೆನಪಿಸುವ ಈ ಲೆಕ್ಕಾಚಾರಕ್ಕೆ 2023ರಲ್ಲಿ ಹೊಸ ಸೂತ್ರವೊಂದು ಸೇರಿದೆ. ಆಯ್ಕೆಗಳಲ್ಲಿ ಅದನ್ನು ಹಾಕಿಕೊಂಡರೆ ಪುನರಾವರ್ತನೆಯ ಹೊರೆ ನಿಮ್ಮ ನೆನಪಿನ ಶಕ್ತಿಗೆ ಹೊಂದಿಕೊಳ್ಳುತ್ತದೆ.

ಕಾರ್ಡು ಬರೆಯುವುದೇ ಇಲ್ಲಿ ವಿದ್ಯೆ. ಹುಡುಗಿ ಮೊದಲು 'ರಾಷ್ಟ್ರಕೂಟರ ಬಗ್ಗೆ ತಿಳಿಸಿ' ಎಂದು ಒಂದು ಕಾರ್ಡು ಮಾಡಿ ಹಿಂಬದಿಗೆ ಇಡೀ ಪಾಠವನ್ನು ತುಂಬಿದ್ದಳು. ಅದನ್ನು ಒಡೆದು, ಅಮೋಘವರ್ಷನ ಆಳ್ವಿಕೆಯ ಕಾಲ ಯಾವುದು, ಮಾನ್ಯಖೇಟ ಎಂದರೆ ಇಂದಿನ ಯಾವ ಊರು, ಆ ಊರು ಯಾವ ನದಿಯ ದಂಡೆಯಲ್ಲಿದೆ ಎಂದು ಒಂದು ಕಾರ್ಡಿಗೆ ಒಂದೇ ಸಂಗತಿ ಎಂಬಂತೆ ಮಾಡಿದ ಮೇಲೆ 814ರಿಂದ 878, ಮಳಖೇಡ, ಕಾಗಿಣಾ ಎಂಬ ಉತ್ತರಗಳು ನಾಲಗೆಯ ತುದಿಗೆ ಬಂದವು. 1347ರ ಬಹಮನಿ ರಾಜ್ಯ ಸ್ಥಾಪನೆ, ಹೈದರಾಬಾದ್ ವಿಮೋಚನೆಯ 1948ರ ಸೆಪ್ಟೆಂಬರ್ 17, ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯಂತಹ ನಮ್ಮ ಭಾಗದ ಇತಿಹಾಸಕ್ಕೆ ಇದು ಹೇಳಿ ಮಾಡಿಸಿದಂತಿದೆ. ಚಿತ್ರದ ಮೇಲೆ ಮುಸುಕು ಹಾಕಿ ಕೇಳುವ ಬಗೆಯ ಕಾರ್ಡೂ ಉಂಟು. ಕರ್ನಾಟಕದ ನಕಾಶೆಯಲ್ಲಿ ಭೀಮಾ, ಕೃಷ್ಣಾ, ಕಾರಂಜಾಗಳ ಹೆಸರು ಮುಚ್ಚಿ ಗುರುತಿಸುವ ಆಟವನ್ನು ಅವಳು ಮೊಬೈಲಿನಲ್ಲಿ ಬಸ್ಸಿನಲ್ಲೇ ಆಡುತ್ತಾಳೆ.

ಕನ್ನಡಕ್ಕೆ ಇಲ್ಲಿ ದೊಡ್ಡ ಅಡ್ಡಿಯಿಲ್ಲ. ಉತ್ತರವನ್ನು ಟೈಪಿಸಿ ಹೋಲಿಸುವ ಬಗೆಯ ಕಾರ್ಡು ಮಾತ್ರ ಬೇಡ. ಕಾರ್ಡಿನಲ್ಲಿ 'ಕಲಬುರಗಿ' ಇದ್ದು ನೀವು 'ಕಲಬುರ್ಗಿ' ಬರೆದರೆ ಅದು ತಪ್ಪೆಂದು ಕೆಂಪು ಹಚ್ಚುತ್ತದೆ. ಸಿದ್ಧ ಕಾರ್ಡುಗಳ ರಾಶಿ ಇಂಗ್ಲಿಷಿನಲ್ಲಿ ಇರುವಷ್ಟು ಕನ್ನಡದಲ್ಲಿ ಇಲ್ಲ, ನಾವೇ ಮಾಡಿಕೊಳ್ಳಬೇಕು. ಲಿಬ್ರೆ ಆಫೀಸಿನ ಕೋಷ್ಟಕ ತಂತ್ರಾಂಶವಾದ ಕ್ಯಾಲ್ಕ್‌ನಲ್ಲಿ ಒಂದು ಕಂಬಸಾಲಿಗೆ ಪ್ರಶ್ನೆ, ಇನ್ನೊಂದಕ್ಕೆ ಉತ್ತರ ಬರೆದು ಸಿಎಸ್‌ವಿ ರೂಪದಲ್ಲಿ ಉಳಿಸಿದರೆ ನೂರು ಕಾರ್ಡು ಒಮ್ಮೆಲೇ ಒಳಗೆ ಬರುತ್ತವೆ. ಆಂಡ್ರಾಯ್ಡ್ ಫೋನಿಗೆ ಸ್ವಯಂಸೇವಕರು ರೂಪಿಸಿದ ಆಂಕಿಡ್ರಾಯ್ಡ್ ಉಚಿತ. ಐಫೋನಿನ ಅಧಿಕೃತ ಆವೃತ್ತಿಗೆ ಹಣ ಕೊಡಬೇಕು. ಒಂದು ದಿನಕ್ಕೆ 20 ಹೊಸ ಕಾರ್ಡು ಎಂಬ ಮೊದಲ ಹೊಂದಾಣಿಕೆಯನ್ನು 10ಕ್ಕೆ ಇಳಿಸುವುದು ಒಳ್ಳೆಯದು. ಶರಣಬಸವೇಶ್ವರರ ಜಾತ್ರೆಯ ವಾರ ಫೋನು ಮುಟ್ಟದೆ ಬಿಟ್ಟ ಹುಡುಗಿಗೆ ಆಮೇಲೆ 400 ಕಾರ್ಡು ಕಾದಿದ್ದವು. ಸಾಲ ತೀರಿಸಲು ಹದಿನೈದು ದಿನ ಹಿಡಿಯಿತು.

ಇವುಗಳ ಸುತ್ತ ಇನ್ನೆರಡು ಸಣ್ಣ ಸಹಾಯಗಳನ್ನು ಹೆಸರಿಸಿದರೆ ಸಾಕು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ, ಒಂದೂವರೆ ಲಕ್ಷ ಕನ್ನಡ ಪದಗಳಿರುವ ಅಲರ್ ಕನ್ನಡ-ಇಂಗ್ಲಿಷ್ ನಿಘಂಟು ಮುಕ್ತ ಪರವಾನಗಿಯಲ್ಲಿದೆ; ಇಂಗ್ಲಿಷ್ ಸಾರಾಂಶ ಬರೆಯುವಾಗ ನನ್ನ ಕಿಟಕಿಯಲ್ಲಿ ಅದು ಸದಾ ತೆರೆದಿತ್ತು. ವಚನಗಳ ಪದಪ್ರಯೋಗ ಹುಡುಕುವವರಿಗೆ ವಚನ ಸಂಚಯ ಎಂಬ ಜಾಲತಾಣ ಇದೆ. ಆ ಇಂಗ್ಲಿಷ್ ಸಾರಾಂಶದ ವ್ಯಾಕರಣ ನೋಡಲು ಲ್ಯಾಂಗ್ವೇಜ್‌ಟೂಲ್ ಉಪಯುಕ್ತ, ಕನ್ನಡ ಅದಕ್ಕೆ ಬಾರದು.

ಇನ್ನೇನು ತಿಂಗಳೊಳಗೆ ಪ್ರಬಂಧ ಸಲ್ಲಿಸಬೇಕಾದವರು ಇದನ್ನು ಓದಿ ಈಗಲೇ ಎಲ್ಲವನ್ನೂ ಬದಲಿಸಲು ಹೊರಡಬಾರದು. ಇರುವ ಕಡತದಲ್ಲೇ ಮುಗಿಸಿ, ಯೂನಿಕೋಡಿನಲ್ಲಿದೆಯೇ ಎಂದಷ್ಟೇ ಖಚಿತ ಮಾಡಿಕೊಳ್ಳಲಿ. ಈ ವರ್ಷ ನೋಂದಣಿಯಾದವರು ಮೊದಲ ವಾರವೇ ಝೊಟೆರೊವನ್ನು ಹಾಕಿಕೊಂಡು ಓದಿದ ಪ್ರತಿ ಪುಸ್ತಕವನ್ನೂ ಕನ್ನಡದಲ್ಲಿ ನಮೂದಿಸಲಿ. ರೈಟರಿಗೆ ಮೊದಲ ಅಧ್ಯಾಯದ ಕರಡಿನ ಹೊತ್ತಿಗೆ ಬಂದರೂ ತಡವಲ್ಲ. ನನ್ನ ಆ ಮೊದಲ ಅಧ್ಯಾಯವನ್ನು ಪರಿವರ್ತಕವೊಂದರ ಮೂಲಕ ಯೂನಿಕೋಡಿಗೆ ತಂದು, ಮುರಿದ ಒತ್ತಕ್ಷರಗಳನ್ನು ಸಾಲು ಸಾಲಾಗಿ ತಿದ್ದಲು ಹತ್ತು ದಿನವಾಯಿತು. 'ಗುರು' ಅದರಲ್ಲಿ 212 ಕಡೆ ಇತ್ತು.